ವಕೀಲರ ಸನ್ನದು ಅಮಾನತು ಮತ್ತು ವೃತ್ತಿಗೆ ಮರಳುವಿಕೆ

ವೃತ್ತಿ ದುರ್ನಡತೆಗಾಗಿ ಅಮಾನತಾದ ವಕೀಲರು ಮತ್ತೆ ವಕಾಲತ್ತು ಹಾಕಲು ಅರ್ಹರಾಗುವ ಕಾನೂನು ಕ್ರಮ. ಭಾರತದಲ್ಲಿ ಇದಕ್ಕೆ 1961ರ ವಕೀಲರ ಕಾಯ್ದೆ ಮತ್ತು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ಆಧಾರ. ಅವಧಿ ಗೊತ್ತುಪಡಿಸಿದ ಅಮಾನತು ಮುಗಿದಾಗ ಕಾಯ್ದೆ ಬೇರೆ ವಿಚಾರಣೆಯನ್ನು ವಿಧಿಸುವುದಿಲ್ಲ. ಅವಧಿಯೊಂದಿಗೆ ನಿರ್ಬಂಧವೂ ತೀರುತ್ತದೆ. ಅದಕ್ಕೂ ಮುಂಚೆ ಮರಳಬೇಕಿದ್ದರೆ ತಡೆಯಾಜ್ಞೆ, ಮೇಲ್ಮನವಿ ಇಲ್ಲವೇ ಪುನರ್ವಿಮರ್ಶೆಯ ದಾರಿ ಹಿಡಿಯಬೇಕು.

ಅಧಿಕಾರ ಯಾರದು

ಉದಾಹರಣೆಗೆ, ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ವೃತ್ತಿ ನಡೆಸುವ, ರಾಜ್ಯದ ಪಟ್ಟಿಯಲ್ಲಿ ಹೆಸರಿರುವ ವಕೀಲರ ಮೇಲೆ ಶಿಸ್ತುಕ್ರಮ ಕೈಗೊಳ್ಳುವುದು ಬೆಂಗಳೂರಿನಲ್ಲಿ ಕಚೇರಿ ಇರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು. ತಾಲ್ಲೂಕು ವಕೀಲರ ಸಂಘ ತನ್ನ ಸದಸ್ಯತ್ವವನ್ನು ರದ್ದುಪಡಿಸಬಹುದೇ ಹೊರತು ಸನ್ನದನ್ನು ಮುಟ್ಟುವಂತಿಲ್ಲ. ನ್ಯಾಯಾಂಗ ನಿಂದನೆಯ ಶಿಕ್ಷೆಯಾಗಿ ತಾನೇ ಸನ್ನದನ್ನು ಅಮಾನತಿನಲ್ಲಿಡಲಾಗದು, ಅದು ಪರಿಷತ್ತುಗಳ ಅಧಿಕಾರ ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಸುಪ್ರೀಂ ಕೋರ್ಟ್ ವಕೀಲರ ಸಂಘದ ಪ್ರಕರಣದಲ್ಲಿ ತೀರ್ಪಿತ್ತಿತು.

ಈ ತಾಲ್ಲೂಕುಗಳ ಭಾಗ ಹಿಂದೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಆ ಕಾಲದ 1926ರ ಭಾರತೀಯ ವಕೀಲರ ಪರಿಷತ್ತುಗಳ ಕಾಯ್ದೆಯಲ್ಲಿ ಪರಿಷತ್ತಿನ ಪಾಲಿಗಿದ್ದುದು ವಿಚಾರಣೆ ಮಾತ್ರ. ದಂಡಿಸುವ ಅಧಿಕಾರ ಹೈಕೋರ್ಟಿನದಾಗಿತ್ತು. ಅದು ಪರಿಷತ್ತಿನ ಕೈಗೆ ಬಂದದ್ದು 1961ರ ಕಾಯ್ದೆಯಿಂದ.

ದೂರು ಮತ್ತು ಶಿಕ್ಷೆ

ಕಕ್ಷಿದಾರರು ದೂರನ್ನು ಕನ್ನಡದಲ್ಲಿಯೇ ಬರೆದು ಸಲ್ಲಿಸಬಹುದು. ಪ್ರಕರಣ ಭಾರತೀಯ ಪರಿಷತ್ತಿಗೆ ಹೋಗುವಾಗ ಅದನ್ನು ಇಂಗ್ಲಿಷಿಗೆ ಅನುವಾದಿಸುವ ಹೊಣೆ ರಾಜ್ಯ ಪರಿಷತ್ತಿನದು. ದೂರುದಾರ ಮತ್ತು ವಕೀಲರು ಊರಿನಲ್ಲಿ ರಾಜಿಯಾದರು, ದೂರು ವಾಪಸಾಯಿತು ಎಂಬ ಒಂದೇ ಕಾರಣಕ್ಕೆ ವಿಚಾರಣೆಯನ್ನು ಕೈಬಿಡುವಂತಿಲ್ಲ.

ಮೂವರ ಶಿಸ್ತು ಸಮಿತಿ ವಿಚಾರಣೆ ನಡೆಸುತ್ತದೆ. 1961ರ ಕಾಯ್ದೆಯ 35ನೇ ಕಲಮಿನ ಪ್ರಕಾರ ಸಮಿತಿ ದೂರನ್ನು ವಜಾ ಮಾಡಬಹುದು, ಛೀಮಾರಿ ಹಾಕಬಹುದು, ತಾನು ಸೂಕ್ತವೆಂದು ಕಂಡ ಅವಧಿಗೆ ಅಮಾನತು ಮಾಡಬಹುದು, ಇಲ್ಲವೇ ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಒಂದು ವರ್ಷದಲ್ಲಿ ಮುಗಿಯದ ದೂರು ಭಾರತೀಯ ಪರಿಷತ್ತಿಗೆ ವರ್ಗವಾಗುತ್ತದೆ. ಕರ್ನಾಟಕದಿಂದ ಹೋದ ಕೆ. ಅಂಜಿನಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲಿ ಈ ಕಾಲಮಿತಿಯನ್ನು ಪಾಲಿಸಬೇಕೆಂದು ಒತ್ತಿ ಹೇಳಿತು.

ಅಮಾನತಿನ ಅವಧಿ

ಅಮಾನತಾದ ವಕೀಲರು ದೇಶದ ಯಾವುದೇ ನ್ಯಾಯಾಲಯ, ಪ್ರಾಧಿಕಾರ ಅಥವಾ ಅಧಿಕಾರಿಯ ಮುಂದೆ ವೃತ್ತಿ ನಡೆಸುವಂತಿಲ್ಲ. ಕೂಡ್ಲಿಗಿಯ ಸಿವಿಲ್ ನ್ಯಾಯಾಲಯದಲ್ಲಿ ಹೇಗೋ, ಹರಪನಹಳ್ಳಿಯ ಉಪವಿಭಾಗಾಧಿಕಾರಿಯ ಮುಂದೆ ನಡೆಯುವ ಪಹಣಿ ತಿದ್ದುಪಡಿಯ ಮೇಲ್ಮನವಿಯಲ್ಲಿಯೂ ಹಾಗೆಯೇ ವಾದ ಮಾಡುವಂತಿಲ್ಲ. 41ನೇ ಕಲಮಿನಂತೆ ನೋಂದಣಿ ಪ್ರಮಾಣಪತ್ರವನ್ನು ಪರಿಷತ್ತು ಹಿಂದಕ್ಕೆ ಪಡೆಯುತ್ತದೆ. ಪಟ್ಟಿಯಲ್ಲಿ ಹೆಸರಿನ ಎದುರು ಶಿಕ್ಷೆ ದಾಖಲಾಗುತ್ತದೆ. ಹಕ್ಕಿಲ್ಲದೆ ವೃತ್ತಿ ನಡೆಸಿದರೆ 45ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ನಡೆಯುತ್ತಿರುವ ವ್ಯಾಜ್ಯಗಳಿಗೆ ಕಕ್ಷಿದಾರರು ಬೇರೆ ವಕೀಲರಿಂದ ಹೊಸ ವಕಾಲತ್ತು ಹಾಕಿಸಬೇಕಾಗುತ್ತದೆ.

ಅವಧಿಗೆ ಮುನ್ನ ಮರಳುವುದು

ರಾಜ್ಯ ಸಮಿತಿಯ ಆದೇಶ ತಲುಪಿದ 60 ದಿನಗಳೊಳಗೆ ಭಾರತೀಯ ಪರಿಷತ್ತಿಗೆ, ಅಲ್ಲಿನ ಆದೇಶದ ಮೇಲೆ ಮತ್ತೆ 60 ದಿನಗಳೊಳಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿ ಹಾಕಿದ ಮಾತ್ರಕ್ಕೆ ಅಮಾನತು ನಿಲ್ಲದು. ತಡೆಯಾಜ್ಞೆಯನ್ನು ಬೇರೆಯಾಗಿ ಕೇಳಿ ಪಡೆಯಬೇಕು. ಮೇಲ್ಮನವಿಯ ಗಡುವು ಮುಗಿಯುವುದರೊಳಗೆ ಕೇಳಿದರೆ ಶಿಕ್ಷೆ ಕೊಟ್ಟ ರಾಜ್ಯ ಸಮಿತಿಯೇ ತಡೆ ನೀಡಬಹುದು. 44ನೇ ಕಲಮಿನಡಿ ಸಮಿತಿ ತನ್ನ ಆದೇಶವನ್ನು ಪುನರ್ವಿಮರ್ಶಿಸಬಹುದಾದರೂ, ರಾಜ್ಯ ಸಮಿತಿಯ ಅಂಥ ಆದೇಶ ಭಾರತೀಯ ಪರಿಷತ್ತು ಒಪ್ಪುವವರೆಗೆ ಜಾರಿಗೆ ಬರುವುದಿಲ್ಲ.

ಮೇಲ್ಮನವಿಯಲ್ಲಿ ಶಿಕ್ಷೆ ಇಳಿದ ಉದಾಹರಣೆಗಳಿವೆ. ಶುಲ್ಕ ಬಾಕಿ ಇದೆಯೆಂದು ಕಕ್ಷಿದಾರ ಬ್ಯಾಂಕಿನ ಕಡತಗಳನ್ನು ಹಿಡಿದಿಟ್ಟುಕೊಂಡಿದ್ದ ಭೋಪಾಲದ ವಕೀಲರೊಬ್ಬರಿಗೆ ಭಾರತೀಯ ಪರಿಷತ್ತು 18 ತಿಂಗಳ ಅಮಾನತು ವಿಧಿಸಿತ್ತು. ಶುಲ್ಕಕ್ಕಾಗಿ ಕಡತ ಒತ್ತೆ ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಸಾರಿತಾದರೂ ಶಿಕ್ಷೆಯನ್ನು ಛೀಮಾರಿಗೆ ಇಳಿಸಿತು. ತಮಿಳುನಾಡಿನ ರಂಗದುರೈ ಪ್ರಕರಣದಲ್ಲಿ ರಾಜ್ಯ ಪರಿಷತ್ತಿನ ಆರು ವರ್ಷಗಳ ಅಮಾನತನ್ನು ಭಾರತೀಯ ಪರಿಷತ್ತು ಒಂದು ವರ್ಷಕ್ಕೆ ತಗ್ಗಿಸಿತ್ತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಮೋಸಹೋದ ಕಕ್ಷಿದಾರರಿಗೆ 2,500 ರೂಪಾಯಿ ಕೊಡಬೇಕು, ಉಚಿತ ಕಾನೂನು ನೆರವಿನ ಕೆಲಸ ಮಾಡಬೇಕು ಎಂಬ ಷರತ್ತುಗಳನ್ನು ಶಿಕ್ಷೆಗೆ ಬೆಸೆದರು. ವೃತ್ತಿಗೆ ಮರಳುವುದನ್ನು ಸೇವೆಯೊಂದಿಗೆ ಜೋಡಿಸಿದ ಅಪರೂಪದ ಆದೇಶವಿದು.

ಅವಧಿ ಮುಗಿದ ಮೇಲೆ

ಅಮಾನತು ತೀರಿದ ಬಳಿಕ ವಕೀಲರು ತಮ್ಮ ನೋಂದಣಿ ಪ್ರಮಾಣಪತ್ರವನ್ನು ಪರಿಷತ್ತಿನಿಂದ ಮರಳಿ ಪಡೆಯಬೇಕು. ಈ ನಡುವೆ ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾಗಿದ್ದರೆ 24ಎ ಕಲಮು ಅಡ್ಡಬರುತ್ತದೆ. ಅಸ್ಪೃಶ್ಯತೆಯ ಅಪರಾಧಗಳ ಕುರಿತ 1955ರ ಕಾಯ್ದೆಯಡಿ ಆದ ಶಿಕ್ಷೆಯೂ ಅದರಲ್ಲಿ ಸೇರಿದೆ. ಬಿಡುಗಡೆಯಾಗಿ ಎರಡು ವರ್ಷ ಕಳೆದರೆ ಈ ಅನರ್ಹತೆ ಹೋಗುತ್ತದೆ. ಇದು ಹೊಸದಾಗಿ ಸನ್ನದು ಪಡೆಯುವವರಿಗಷ್ಟೇ ಅಲ್ಲ, ಈಗಾಗಲೇ ವಕೀಲರಾದವರಿಗೂ ಅನ್ವಯಿಸುತ್ತದೆ ಎಂದು 2016ರ ಮಹಿಪಾಲ್ ಸಿಂಗ್ ರಾಣಾ ತೀರ್ಪು ಹೇಳಿದೆ.

ನೌಕರಿ ಮೊದಲಾದ ಕಾರಣಕ್ಕೆ ಸ್ವಇಚ್ಛೆಯಿಂದ ಸನ್ನದು ಒಪ್ಪಿಸಿದವರ ಕ್ರಮ ಬೇರೆ. ಅವರು 24ಎ ಅನರ್ಹತೆಯ ಬಗ್ಗೆ ಅಫಿಡವಿಟ್ ಲಗತ್ತಿಸಿ ರಾಜ್ಯ ಪರಿಷತ್ತಿನ ಕಾರ್ಯದರ್ಶಿಗೆ ಅರ್ಜಿ ಹಾಕಬೇಕು. ನೋಂದಣಿ ಸಮಿತಿ ಒಪ್ಪಿದರೆ ಪ್ರಮಾಣಪತ್ರ ಷರಾದೊಂದಿಗೆ ಕೈಸೇರುತ್ತದೆ. ಹೀಗೆ, ತಪ್ಪಿಲ್ಲದೆ ದೂರ ಉಳಿದವರು ಅಫಿಡವಿಟ್ ಕೊಡಬೇಕೆಂದು ನಿಯಮ ಬರೆದಿಟ್ಟಿದೆ. ಶಿಕ್ಷೆ ಅನುಭವಿಸಿ ಬಂದವರಿಗೆ ಅಂಥ ಅಗ್ನಿಪರೀಕ್ಷೆಯಿಲ್ಲ.

ಹೋಲಿಕೆ

ಅಮೆರಿಕದ ವಕೀಲರ ಸಂಘದ ಮಾದರಿ ನಿಯಮಗಳಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅಮಾನತಾದವರು ಅಫಿಡವಿಟ್ ಸಲ್ಲಿಸಿ ಮರಳಬಹುದು. ಅದಕ್ಕೂ ಹೆಚ್ಚಾದರೆ ಅರ್ಜಿ ಹಾಕಿ, ತಾವು ತಿದ್ದಿಕೊಂಡಿರುವುದನ್ನು ರುಜುವಾತುಪಡಿಸಬೇಕು. ಭಾರತದ ಕಾಯ್ದೆ ಅಂಥ ಪುರಾವೆಯನ್ನು ಕೇಳುವುದಿಲ್ಲ. ಆದರೆ ಪಟ್ಟಿಯಲ್ಲಿ ಹೆಸರಿನ ಎದುರು ಬರೆದ ಶಿಕ್ಷೆಯನ್ನು ಅವಧಿ ಮುಗಿದ ಮೇಲೆ ಅಳಿಸಲೂ ಅದರಲ್ಲಿ ಅವಕಾಶವಿಲ್ಲ.