ಹಾಸಿಗೆಯಿಂದ ಎಬ್ಬಿಸಿದವರು

"ವಯಸ್ಸಾಯಿತಲ್ಲ, ಇನ್ನು ಹೀಗೇ." ಹಿರಿಯರು ಏನು ತೊಂದರೆ ಹೇಳಿಕೊಂಡರೂ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಇದು. ಮಂಡಿನೋವಿಗೂ ಇದೇ, ಮರೆವಿಗೂ ಇದೇ, ಬಚ್ಚಲಲ್ಲಿ ಜಾರಿ ಬಿದ್ದದ್ದಕ್ಕೂ ಇದೇ. ನನ್ನ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಾಗ ನೋಡಲು ಬಂದ ಬಂಧುಗಳೆಲ್ಲ ಹೇಳಿದ್ದು "ಅಲುಗಾಡದೆ ಮಲಗಿರಿ" ಎಂದೇ. ಪ್ರೀತಿಯಿಂದಲೇ ಹೇಳಿದ್ದರು. ಆದರೆ ಅಜ್ಜಿ ಮತ್ತೆ ಏಳಲಿಲ್ಲ.

ಈ ಮಾತು ನಮ್ಮವರದು ಮಾತ್ರವಲ್ಲ. ತೊಂಬತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಹೆಸರಾಂತ ವೈದ್ಯರ ಅಭಿಪ್ರಾಯವೂ ಹೆಚ್ಚುಕಡಿಮೆ ಇದೇ ಆಗಿತ್ತು. ಮುಪ್ಪಿನ ಪಾಲು ಎಷ್ಟು, ಹಾಸಿಗೆಯ ಪಾಲು ಎಷ್ಟು ಎಂದು ಬೇರ್ಪಡಿಸಿ ನೋಡುವ ಕೆಲಸ ಅಲ್ಲಿ ಶುರುವಾದ ಬಗೆಯೇ ಒಂದು ಕುತೂಹಲದ ಕಥೆ.

ಕಥೆಯ ಮೊದಲಿಗೆ ಬರುವುದು ವರ್ಕ್‌ಹೌಸ್. 1834ರ ಬಡವರ ಕಾನೂನಿನಂತೆ, ನಿರ್ಗತಿಕರಿಗೆ ಅನ್ನ ಬೇಕೆಂದರೆ ಈ ಕಟ್ಟಡದೊಳಗೆ ಹೋಗಬೇಕಿತ್ತು. ಒಳಗೆ ಸಮವಸ್ತ್ರ, ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಜನ ಹೆದರಿ ದೂರ ಉಳಿಯಲಿ ಎಂಬುದೇ ಸರ್ಕಾರದ ಉದ್ದೇಶವಾಗಿತ್ತು. ಆದರೂ ಬೇರೆ ದಾರಿಯಿಲ್ಲದ ಮುದುಕ ಮುದುಕಿಯರು ಬಂದು ಸೇರಿದರು. ಕಾಯಿಲೆ ಬಿದ್ದವರಿಗೆಂದು ಪಕ್ಕದಲ್ಲೇ ಆಸ್ಪತ್ರೆಯಂಥ ವಾರ್ಡುಗಳು ಬೆಳೆದವು. ದಾನದ ಹಣದಿಂದ ನಡೆಯುತ್ತಿದ್ದ ಪ್ರತಿಷ್ಠಿತ ಆಸ್ಪತ್ರೆಗಳಿಗೆ ಬೇಕಾಗಿದ್ದದ್ದು ಬೇಗ ವಾಸಿಯಾಗುವ ರೋಗಿಗಳು. ಲಕ್ವ ಹೊಡೆದು ಮಲಗಿದ ಎಪ್ಪತ್ತರ ಮುದುಕ ಕೊನೆಗೆ ಸೇರುತ್ತಿದ್ದದ್ದು ಈ ವಾರ್ಡುಗಳಿಗೇ. ಅಲ್ಲಿ ಆತನಿಗೆ 'ಕ್ರಾನಿಕ್' ಎಂಬ ಹಣೆಪಟ್ಟಿ ಅಂಟುತ್ತಿತ್ತು. ದೀರ್ಘಕಾಲದ ರೋಗಿ ಎಂಬುದು ಅದರ ಅರ್ಥ. ಇನ್ನು ಈತನನ್ನು ಪರೀಕ್ಷಿಸಬೇಕಾಗಿಲ್ಲ ಎಂಬುದು ಅದರ ಬಳಕೆ.

1935ರಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ಐಲ್‌ವರ್ತ್‌ನ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆ, ತನ್ನ ಪಕ್ಕದಲ್ಲಿದ್ದ ಇಂಥದೊಂದು ಸಂಸ್ಥೆಯ ವಾರ್ಡುಗಳನ್ನು ವಹಿಸಿಕೊಂಡಿತು. ಒಟ್ಟು 714 ಹಾಸಿಗೆ. ಅದರ ಹೊಣೆ ಬಿದ್ದದ್ದು ಡಾ. ಮಾರ್ಜರಿ ವಾರನ್ ಅವರ ಮೇಲೆ. ಆಗ ಅವರಿಗೆ ಮೂವತ್ತೆಂಟರ ಆಸುಪಾಸು.

ವಾರನ್ ಯಾವ ಹೊಸ ಔಷಧಿಯನ್ನೂ ತರಲಿಲ್ಲ. ಮಲಗಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಪರೀಕ್ಷೆ ಮಾಡಿದರು, ಅಷ್ಟೆ. ವರ್ಷಗಟ್ಟಲೆ ಯಾರೂ ಮಾಡದಿದ್ದ ಕೆಲಸ ಅದು. ಎದ್ದು ಓಡಾಡಬಲ್ಲವರು, ಹಾಸಿಗೆ ಹಿಡಿದಿದ್ದರೂ ಮಲಮೂತ್ರದ ಮೇಲೆ ಹಿಡಿತ ಇರುವವರು, ಹಿಡಿತ ತಪ್ಪಿದವರು, ಸ್ವಲ್ಪ ಗೊಂದಲವಿದ್ದರೂ ಸುಮ್ಮನಿರುವವರು, ಬುದ್ಧಿಭ್ರಮಣೆಯಿಂದ ಇತರರಿಗೆ ತೊಂದರೆಯಾಗುವವರು, ಹೀಗೆ ಐದು ಗುಂಪು ಮಾಡಿದರು. ಅಲ್ಲಿಯವರೆಗೆ ಎಲ್ಲರೂ ಒಂದೇ ಕಡೆ ಬೆರೆತು ಬಿದ್ದಿದ್ದರು. ವಾರ್ಡಿನ ಮಂಕು ಗೋಡೆಗಳಿಗೆ ತಿಳಿಬಣ್ಣ ಬಂತು, ದೀಪಗಳು ಹೆಚ್ಚಿದವು, ಹಿಡಿದು ನಡೆಯಲು ಗೋಡೆಗೆ ಕಂಬಿಗಳು ಬಂದವು. ಲಕ್ವ ಹೊಡೆದವರನ್ನು ಎಬ್ಬಿಸಿ ಕೂರಿಸಿ, ನಿಲ್ಲಿಸಿ, ಅಂಗಾಂಗಗಳಿಗೆ ವ್ಯಾಯಾಮ ಮಾಡಿಸಿದರು. ಕಾಲು ಕತ್ತರಿಸಿದ್ದ ವೃದ್ಧರಿಗೂ ನಡಿಗೆ ಕಲಿಸಿದರು.

ಪರಿಣಾಮ ನೋಡಿ. 714 ಹಾಸಿಗೆಗಳ ಕೆಲಸ 240 ಹಾಸಿಗೆಗಳಲ್ಲಿ ಆಗತೊಡಗಿತು. ಮತ್ತೆಂದೂ ಏಳರು ಎಂದುಕೊಂಡಿದ್ದವರಲ್ಲಿ ಹಲವರು ಮನೆಗೆ ಹೋದರು, ಕೆಲವರು ವೃದ್ಧರ ವಸತಿಗೃಹಗಳಿಗೆ ಹೋದರು. ಹಾಗಾದರೆ ಅಷ್ಟು ವರ್ಷ ಅವರನ್ನು ಹಾಸಿಗೆಯಲ್ಲಿ ಇರಿಸಿದ್ದು ಯಾವ ರೋಗ? ಬಹಳ ಮಂದಿಯ ಮಟ್ಟಿಗೆ, ಹಾಸಿಗೆಯೇ ಆ ರೋಗವಾಗಿತ್ತು. ಮಲಗಿದ್ದರಿಂದ ಮಾಂಸಖಂಡ ಸೊರಗಿತು, ಕೀಲು ಬಿಗಿಯಿತು, ಬೆನ್ನು ಹುಣ್ಣಾಯಿತು, ಮನಸ್ಸು ಮಂಕಾಯಿತು. ಆಮೇಲೆ ಅದನ್ನೆಲ್ಲ ಮುಪ್ಪಿನ ಲೆಕ್ಕಕ್ಕೆ ಬರೆದುಕೊಂಡದ್ದಾಯಿತು.

ವಾರನ್ 1943 ಮತ್ತು 1946ರಲ್ಲಿ ಬ್ರಿಟನ್ನಿನ ಎರಡು ಮುಖ್ಯ ವೈದ್ಯಪತ್ರಿಕೆಗಳಲ್ಲಿ ಈ ಅನುಭವ ಬರೆದರು. ವೃದ್ಧರ ಚಿಕಿತ್ಸೆ ಸಾಮಾನ್ಯ ಆಸ್ಪತ್ರೆಯ ಒಳಗೇ ನಡೆಯಬೇಕು, ವೈದ್ಯ ವಿದ್ಯಾರ್ಥಿಗಳಿಗೆ ಅದನ್ನು ಕಲಿಸಬೇಕು ಎಂಬುದು ಅವರ ವಾದ. 'ಜೀರಿಯಾಟ್ರಿಕ್ಸ್' ಎಂಬ ಪದವನ್ನೇನೋ ಅಮೆರಿಕದ ಇಗ್ನಾಟ್ಸ್ ನಾಶರ್ 1909ರಲ್ಲೇ ಹುಟ್ಟುಹಾಕಿದ್ದರು. ಪದಕ್ಕೆ ಒಂದು ವಾರ್ಡು ಸಿಕ್ಕಿದ್ದು ಐಲ್‌ವರ್ತ್‌ನಲ್ಲಿ ಎನ್ನಬಹುದು.

ವಾರನ್ ನೋಡಿದ್ದು ಆಸ್ಪತ್ರೆ ಸೇರಿದ್ದವರನ್ನು. ಸೇರದೆ ಮನೆಯಲ್ಲೇ ಇದ್ದವರ ಪಾಡೇನು? ಅದನ್ನು ಹುಡುಕಿಕೊಂಡು ಹೊರಟವರು ವುಲ್ವರ್‌ಹ್ಯಾಂಪ್ಟನ್ ಎಂಬ ಕೈಗಾರಿಕಾ ಪಟ್ಟಣದ ವೈದ್ಯ ಜೋಸೆಫ್ ಶೆಲ್ಡನ್. ಯುದ್ಧಕಾಲದಲ್ಲಿ ಎಲ್ಲರಿಗೂ ಪಡಿತರ ಚೀಟಿ ಇತ್ತು. ಅವರು ಆ ದಾಖಲೆಯಿಂದ ವೃದ್ಧರ ಹೆಸರುಗಳನ್ನು ಆರಿಸಿ, ಸುಮಾರು ಐನೂರು ಮಂದಿಯ ಮಾಹಿತಿ ಕಲೆಹಾಕಿದರು. 1948ರಲ್ಲಿ ಅದು ಪುಸ್ತಕವಾಗಿ ಬಂತು. ಪಾದದ ನೋವು, ತಲೆಸುತ್ತು, ಹೊರಗೆ ಹೋಗಲು ಭಯ ಇಂಥ ಸಣ್ಣಪುಟ್ಟ ಎನಿಸುವ ಸಂಗತಿಗಳೇ ಮನುಷ್ಯನನ್ನು ಮನೆಯೊಳಗೆ ಕೂಡಿಹಾಕುತ್ತವೆ ಎಂದು ಅವರು ಕಂಡರು. ಮುದುಕರನ್ನು ಸರ್ಕಾರ ಸಾಕುತ್ತಿದೆ ಎಂಬ ಮಾತು ಸುಳ್ಳು, ಸಾಕುತ್ತಿರುವವರು ಮನೆಯವರು, ಅದರಲ್ಲೂ ಹೆಣ್ಣುಮಕ್ಕಳು ಎಂದೂ ಕಂಡರು.

ಮಕ್ಕಳು 'ಹತ್ತಿರ' ಇದ್ದಾರೆ ಎಂದರೆ ಎಷ್ಟು ಹತ್ತಿರ? ಇದಕ್ಕೆ ಶೆಲ್ಡನ್ ಕೊಟ್ಟ ಅಳತೆ ನನಗೆ ತುಂಬ ಹಿಡಿಸಿತು. ಒಂದು ಮನೆಯಲ್ಲಿ ಮಾಡಿದ ಬಿಸಿ ಅಡುಗೆಯನ್ನು ಮತ್ತೆ ಬಿಸಿ ಮಾಡಬೇಕಾಗದಂತೆ ಇನ್ನೊಂದು ಮನೆಗೆ ಒಯ್ಯಲು ಆಗುವಷ್ಟು ದೂರ! ಜಪಾನಿನಲ್ಲಿ ಇದು 'ಸೂಪು ಆರದಷ್ಟು ದೂರ' ಎಂಬ ನುಡಿಗಟ್ಟಾಗಿ ಬಳಕೆಯಲ್ಲಿದೆ. ತಟ್ಟೆ ಮುಚ್ಚಿದ ಸಾರಿನ ಪಾತ್ರೆ ಹಿಡಿದು ಹಿಂದಿನ ಬೀದಿಗೆ ಹೋಗಿಬಂದ ನಮ್ಮವರಿಗೆ ಈ ಅಳತೆಯನ್ನು ವಿವರಿಸಬೇಕಾಗಿಲ್ಲ.

ಶೆಲ್ಡನ್ ಅಲ್ಲಿಗೇ ನಿಲ್ಲಲಿಲ್ಲ. 202 ಮಂದಿ ಬಿದ್ದ 500 ಪ್ರಸಂಗಗಳನ್ನು ಕೂಡಿಸಿ 1960ರಲ್ಲಿ ಒಂದು ಲೇಖನ ಬರೆದರು. ಬಿದ್ದರು ಎಂದರೆ ಹೇಗೆ ಬಿದ್ದರು, ಎಲ್ಲಿ, ಬೆಳಕಿತ್ತೇ ಎಂದೆಲ್ಲ ಕೇಳಿದರು. ಮೆಟ್ಟಿಲು ಇಳಿಯುವಾಗ ಬಹಳ ಮಂದಿ ಎಡವುವುದು ಕೊನೆಯ ಮೆಟ್ಟಿಲಲ್ಲಿ. ನೆಲ ಬಂತು ಎಂದುಕೊಂಡು ಕಾಲಿಡುತ್ತಾರೆ, ನೆಲ ಇನ್ನೂ ಬಂದಿರುವುದಿಲ್ಲ. ಇದಕ್ಕೆ ಬೇಕಾದದ್ದು ಔಷಧಿಯಲ್ಲ, ಒಂದು ದೀಪ, ಒಂದು ಕೈಹಿಡಿ.

ಈ ನಡುವೆ 1948ರ ಜುಲೈ 5ರಂದು ಬ್ರಿಟನ್ನಿನಲ್ಲಿ ಎಲ್ಲರಿಗೂ ಉಚಿತ ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂದಿತ್ತು. ಅದೇ ವರ್ಷದ ಇನ್ನೊಂದು ಕಾನೂನು ಬಡವರ ಕಾನೂನನ್ನು ತೆಗೆದುಹಾಕಿ, ವೃದ್ಧರಿಗೆ ವಸತಿಗೃಹ ಒದಗಿಸುವುದನ್ನು ಸ್ಥಳೀಯ ಸಂಸ್ಥೆಗಳ ಕರ್ತವ್ಯವಾಗಿಸಿತು. ಕಾಗದದ ಮೇಲೆ ವರ್ಕ್‌ಹೌಸ್ ಸತ್ತಿತ್ತು. ಹತ್ತು ವರ್ಷದ ಬಳಿಕ ಪೀಟರ್ ಟೌನ್‌ಸೆಂಡ್ ಎಂಬ ತರುಣ ಸಮಾಜಶಾಸ್ತ್ರಜ್ಞ ಇಂಗ್ಲೆಂಡ್ ಮತ್ತು ವೇಲ್ಸಿನ 173 ವೃದ್ಧರ ವಸತಿಗೃಹಗಳಿಗೆ ಹೋಗಿ ನೋಡಿದರೆ, ಎಷ್ಟೋ ಕಡೆ ಅದೇ ಹಳೆಯ ಕಟ್ಟಡ, ಹೊಸ ಬೋರ್ಡು. ಸಾಲು ಹಾಸಿಗೆ. ಸ್ವಂತದ್ದು ಎಂದು ಇಟ್ಟುಕೊಳ್ಳಲು ಏನೂ ಇಲ್ಲ. ಮಾಡಲು ಕೆಲಸವೂ ಇಲ್ಲ. ಫೋಟೋ ತೆಗೆದು, ಟಿಪ್ಪಣಿ ಬರೆದುಕೊಂಡದ್ದು ಸಾಲದೆಂದು ಟೌನ್‌ಸೆಂಡ್ ಒಂದು ಕಡೆ ಸ್ನಾನ ಮಾಡಿಸುವ ಸಹಾಯಕನಾಗಿ ಕೆಲಸವನ್ನೂ ಮಾಡಿದರು. ನಮ್ಮ ವರದಿಗಾರರು ಗಮನಿಸಬೇಕಾದ ಸಂಗತಿ, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

1962ರಲ್ಲಿ ಬಂದ 'ದಿ ಲಾಸ್ಟ್ ರೆಫ್ಯೂಜ್' ಪುಸ್ತಕದಲ್ಲಿ ಅವರು ಹೇಳಿದ್ದು ಕಟುವಾಗಿತ್ತು. ಅಲ್ಲಿದ್ದ ಅನೇಕರಿಗೆ ಅಲ್ಲಿರುವ ಅಗತ್ಯವೇ ಇರಲಿಲ್ಲ. ಒಂದು ಅನುಕೂಲವಾದ ಸಣ್ಣ ಮನೆ, ಮನೆಗೆ ಬಂದು ನೆರವಾಗುವ ಒಬ್ಬರು ಸಿಕ್ಕಿದ್ದರೆ ಅವರು ತಮ್ಮ ಪಾಡಿಗೆ ತಾವು ಬದುಕಬಹುದಿತ್ತು. ಸುಮಾರು ಅರ್ಧ ಶತಮಾನದ ನಂತರ ಸಂಶೋಧಕರು ಆ 173 ಮನೆಗಳನ್ನು ಮತ್ತೆ ಹುಡುಕಿದರು. ಬಹುಪಾಲು ಮುಚ್ಚಿದ್ದವು; ಉಳಿದವುಗಳಲ್ಲಿ ಇಪ್ಪತ್ತಕ್ಕೆ ಹೋಗಿ 2010ರಲ್ಲಿ ಪುಸ್ತಕ ಬರೆದರು.

ಅದೇ 1962ರಲ್ಲಿ ಲಂಡನ್ನಿನ ವಿಟಿಂಗ್ಟನ್ ಆಸ್ಪತ್ರೆಯ ಒಂದು ಅಧ್ಯಯನವೂ ಪ್ರಕಟವಾಯಿತು. ಡೋರೀನ್ ನಾರ್ಟನ್ ಎಂಬ ದಾದಿ ಇಬ್ಬರು ಸಹೋದ್ಯೋಗಿಗಳೊಡನೆ ಹಾಸಿಗೆ ಹುಣ್ಣಿನ ಬೆನ್ನು ಹತ್ತಿದ್ದರು. ಆಗ ಬಳಕೆಯಲ್ಲಿದ್ದ ಹತ್ತಾರು ಮುಲಾಮುಗಳಿಂದ ಆಗುತ್ತಿದ್ದದ್ದು ಅಷ್ಟಕ್ಕಷ್ಟೆ. ಹುಣ್ಣು ತಡೆಯುತ್ತಿದ್ದದ್ದು ರೋಗಿಯನ್ನು ಮತ್ತೆ ಮತ್ತೆ ಮಗ್ಗುಲು ಬದಲಿಸಿ ಮಲಗಿಸುವ ಕ್ರಮ. ಯಾರಿಗೆ ಹುಣ್ಣಾದೀತು ಎಂದು ಮೊದಲೇ ತಿಳಿಯಲು ಅವರು ಅಂಕಪಟ್ಟಿಯೊಂದನ್ನು ಮಾಡಿದರು. ಒಟ್ಟು 20 ಅಂಕ. 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ. ನಾರ್ಟನ್ ಹೆಸರಿನ ಈ ಪಟ್ಟಿ ಜಗತ್ತಿನ ಹಲವೆಡೆ ಹರಡಿತು.

ಇಷ್ಟಾದರೂ ವೃದ್ಧರ ವಾರ್ಡಿಗೆ ವೈದ್ಯರು ಸಿಗುವುದು ಕಷ್ಟವಾಗಿತ್ತು. ಹೃದಯ, ಮಿದುಳು ಎಂದರೆ ಗೌರವ, ಮುದುಕರು ಎಂದರೆ ಕೀಳು ಎಂಬ ಭಾವನೆ. ಬ್ರಿಟಿಷ್ ವೈದ್ಯರು ಒಲ್ಲದ ಈ ಹುದ್ದೆಗಳಿಗೆ ಭಾರತ ಮತ್ತು ನೆರೆಯ ದೇಶಗಳಿಂದ ಹೋದವರು ದೊಡ್ಡ ಸಂಖ್ಯೆಯಲ್ಲಿ ಬಂದರು. ಬೇರೆ ವಿಭಾಗದಲ್ಲಿ ಬಡ್ತಿ ಸಿಗದೆ ಬಂದವರೇ ಹೆಚ್ಚು. ಬಂದವರು ವಾರ್ಡುಗಳನ್ನು ಕಟ್ಟಿ ನಿಲ್ಲಿಸಿದರು. ಇಂಥ ಅರವತ್ತು ವೈದ್ಯರ ಸಂದರ್ಶನಗಳನ್ನು ಓಪನ್ ಯೂನಿವರ್ಸಿಟಿಯ ಸಂಶೋಧಕರು ಧ್ವನಿಮುದ್ರಿಸಿದ್ದು, ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ.

ವಾರನ್ 1960ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರು ಹೇಳಿದ್ದನ್ನು ಮತ್ತೆ ಹೇಳುವ ಕೆಲಸ ಮುಗಿದಿಲ್ಲ. 2018ರಲ್ಲಿ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ 70 ದಿನಗಳ ಒಂದು ಅಭಿಯಾನ ನಡೆಯಿತು. ರೋಗಿಗಳು, ಅದರಲ್ಲೂ ವಯಸ್ಸಾದವರು, ಆಸ್ಪತ್ರೆಯ ರಾತ್ರಿ ಉಡುಪು ಕಳಚಿ, ತಮ್ಮ ಸ್ವಂತ ಬಟ್ಟೆ ತೊಟ್ಟು, ಎದ್ದು ಓಡಾಡಬೇಕು ಎಂಬುದು ಅದರ ಸಾರ. ಹಗಲಿಡೀ ರಾತ್ರಿ ಉಡುಪಿನಲ್ಲೇ ಮಲಗಿ ಕೈಕಾಲು ಸೋಲುವುದಕ್ಕೆ ಅಭಿಯಾನದವರು ಇಟ್ಟ ಹೆಸರು 'ಪೈಜಾಮ ಪಾರ್ಶ್ವವಾಯು'. ಪೈಜಾಮ ಎಂಬ ಪದ ಇಂಗ್ಲಿಷಿಗೆ ಹೋದದ್ದು ನಮ್ಮ ಕಡೆಯಿಂದಲೇ.