ವಾಲ್ವ್ ಪವರ್ ಆಂಪ್ಲಿಫೈಯರ್: ಜೀವ ಕಾಯುವ ಏರ್ಪಾಡುಗಳು

ಟ್ರಾನ್ಸ್‌ಮಿಟರ್‌ನ ಸಂಕೇತಕ್ಕೆ ಹೆಚ್ಚಿನ ಶಕ್ತಿ ತುಂಬಲು ಹ್ಯಾಮ್ ರೇಡಿಯೊ ಹವ್ಯಾಸಿಗಳು ವಾಲ್ವ್ ಪವರ್ ಆಂಪ್ಲಿಫೈಯರ್‌ಗಳನ್ನು ಮನೆಯಲ್ಲೇ ಕಟ್ಟುತ್ತ ಬಂದಿದ್ದಾರೆ. 3-500ಝಡ್‌ನಂಥ ವಾಲ್ವ್‌ನ ಪ್ಲೇಟ್‌ಗೆ ಸುಮಾರು 3,000 ವೋಲ್ಟ್ ಡಿ.ಸಿ. ಬೇಕು. ಇದು ಪ್ರಾಣಾಂತಕ. ಅಮೆರಿಕದ ಹ್ಯಾಮ್ ಪತ್ರಿಕೆ ‘ಕ್ಯುಎಸ್‌ಟಿ’ಯ ಸಂಪಾದಕ ಬಳಗದ ರಾಸ್ ಹಲ್ 1938ರಲ್ಲಿ ಪ್ರಯೋಗದ ನಡುವೆ ಹೈ ವೋಲ್ಟೇಜ್ ತಗುಲಿ ತೀರಿಕೊಂಡರು. ಆದ್ದರಿಂದ ಆಂಪ್ಲಿಫೈಯರ್‌ನಲ್ಲಿ ಈ ರಕ್ಷಣೆಗಳಿರಬೇಕು.

ಬ್ಲೀಡರ್ ರೆಸಿಸ್ಟರ್: ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿಯುವ ವಿದ್ಯುತ್ತನ್ನು ಮೆಲ್ಲಗೆ ಬರಿದುಮಾಡುತ್ತದೆ.

ಇಂಟರ್‌ಲಾಕ್ ಸ್ವಿಚ್: ಮುಚ್ಚಳ ತೆಗೆದೊಡನೆ ವಿದ್ಯುತ್ ಪೂರೈಕೆಯನ್ನು ಕಡಿಯುತ್ತದೆ.

ಸೇಫ್ಟಿ ಚೋಕ್: ಪ್ಲೇಟ್‌ನ ಹೈ ವೋಲ್ಟೇಜನ್ನು ತಡೆದಿಡುವ ಕೆಪಾಸಿಟರ್ ಶಾರ್ಟ್ ಆದರೆ ಆ ವೋಲ್ಟೇಜ್ ನೇರ ಆಂಟೆನಾಗೆ ನುಗ್ಗುತ್ತದೆ. ಔಟ್‌ಪುಟ್‌ನಿಂದ ಷಾಸಿಗೆ ಜೋಡಿಸಿದ ಈ ಸುರುಳಿ ಅದನ್ನು ಅರ್ತ್‌ಗೆ ಹರಿಸುತ್ತದೆ. ಫ್ಯೂಸ್ ಹೋಗುತ್ತದೆ, ಜೀವ ಉಳಿಯುತ್ತದೆ. ರೇಡಿಯೊ ಸಂಕೇತಕ್ಕೆ ಮಾತ್ರ ಇದರಿಂದ ಅಡ್ಡಿಯಿಲ್ಲ.

ಗ್ಲಿಚ್ ರೆಸಿಸ್ಟರ್: ವಾಲ್ವ್‌ನೊಳಗೆ ಕಿಡಿ ಹಾರಿದಾಗ ನುಗ್ಗುವ ಕರೆಂಟಿಗೆ ಮಿತಿ ಹಾಕುತ್ತದೆ.

ಬ್ಲೀಡರ್ ಸುಟ್ಟುಹೋಗಬಹುದು, ಇಂಟರ್‌ಲಾಕ್ ಕೆಡಬಹುದು. ಆದ್ದರಿಂದ ಒಂದೇ ರಕ್ಷಣೆಯನ್ನು ನಂಬಬೇಡಿ. ಪ್ಲಗ್ ಕಿತ್ತು, ಕಾದು, ಮೀಟರ್‌ನಲ್ಲಿ ಸೊನ್ನೆ ಖಚಿತಪಡಿಸಿಕೊಂಡು, ಅರ್ತ್ ಮಾಡಿದ ಕೋಲನ್ನು ಕೆಪಾಸಿಟರ್‌ಗೆ ತಾಗಿಸಿದ ನಂತರವೇ ಒಳಗೆ ಕೈ ಹಾಕಿ.