ಒಂದು ರಾತ್ರಿಯ ಸೂರು

ಪರಊರಿಗೆ ಹೋದರೆ ರಾತ್ರಿ ಎಲ್ಲಿ ಉಳಿಯುವುದು? ಗಂಡಸರಿಗೆ ಇದು ದೊಡ್ಡ ಪ್ರಶ್ನೆಯಲ್ಲ. ಕೈಯಲ್ಲೊಂದು ಚೀಲ, ಜೇಬಿನಲ್ಲಿ ನಾಲ್ಕು ಕಾಸು ಇದ್ದರೆ ಬಸ್ ಸ್ಟ್ಯಾಂಡಿನ ಎದುರಿಗೆ ಕಂಡ ಲಾಡ್ಜಿಗೆ ಹೊಕ್ಕರಾಯಿತು. ನಮಗೆ ಹಾಗಲ್ಲ. ಹೊರಡುವ ಮೊದಲೇ ಆ ಊರಿನಲ್ಲಿ ನಮ್ಮವರು ಯಾರಿದ್ದಾರೆಂದು ಲೆಕ್ಕ ಹಾಕುತ್ತೇವೆ. ಅತ್ತಿಗೆಯ ಅಕ್ಕನೋ, ಚಿಕ್ಕಪ್ಪನ ಬೀಗರೋ ನೆನಪಾದರೆ ಪ್ರಯಾಣ ಉಂಟು. ಇಲ್ಲವಾದರೆ ಇಲ್ಲ.

ನಮ್ಮ ಹಿಂದಿನವರು ಏನು ಮಾಡುತ್ತಿದ್ದರು ಎಂಬ ಯೋಚನೆ ನನಗೆ ಹತ್ತಿದ್ದು ಜಪಾನಿನಲ್ಲಿರುವ ನನ್ನ ತಂಗಿಯ ಮಗಳಿಂದ. ಆಕೆ ತಕಯಾಮಾ ಎಂಬ ಹಳೆಯ ಊರಿಗೆ ಒಬ್ಬಳೇ ಹೋಗಿ, ಅಲ್ಲಿನ ಸಾಂಪ್ರದಾಯಿಕ ವಸತಿಗೃಹದಲ್ಲಿ ಎರಡು ರಾತ್ರಿ ಇದ್ದು ಬಂದಳಂತೆ. ಅದಕ್ಕೆ ಅಲ್ಲಿ ರ್ಯೋಕಾನ್ ಎನ್ನುತ್ತಾರೆ. ಮರದ ಮನೆ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ನೆಲದ ತುಂಬ ಹುಲ್ಲಿನ ಚಾಪೆ. ಕುರ್ಚಿ ಮಂಚಗಳಿಲ್ಲ. ಹಗಲು ಹಾಸಿಗೆ ಸುತ್ತಿ ಗೂಡಿನಲ್ಲಿಟ್ಟು, ರಾತ್ರಿ ತೆಗೆದು ಹಾಸುತ್ತಾರೆ. ಊಟಕ್ಕೆ ಮೊದಲು ಹಬೆಯಾಡುವ ಬಿಸಿನೀರಿನ ಸ್ನಾನ. "ದೊಡ್ಡಮ್ಮ, ನಮ್ಮ ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯಲ್ಲೇ ಇದ್ದ ಹಾಗಿತ್ತು" ಎಂದಳು. ಜಗಲಿ, ಚಾಪೆ, ಬಚ್ಚಲೊಲೆಯ ಹಂಡೆ ನನ್ನ ಕಣ್ಣ ಮುಂದೆ ಬಂದವು. ಅದಕ್ಕಿಂತ ಹೆಚ್ಚಾಗಿ ಮನಸ್ಸಿನಲ್ಲಿ ಕೂತದ್ದು ಆಕೆ ಹೇಳಿದ ಇನ್ನೊಂದು ಮಾತು: "ಒಬ್ಬಳೇ ಯಾಕೆ ಬಂದೆ ಅಂತ ಅಲ್ಲಿ ಯಾರೂ ಕೇಳಲಿಲ್ಲ."

ಹಿಂದೆ ಅಲ್ಲಿಯೂ ಕೇಳುತ್ತಿದ್ದರು. ಈಗಿನ ಟೋಕಿಯೋ ನಗರಕ್ಕೆ ಎದೋ ಎಂದು ಹೆಸರಿದ್ದ ಕಾಲದಲ್ಲಿ ಅಲ್ಲಿಂದ ಕ್ಯೋಟೋಗೆ ಹೋಗುವ ಹೆದ್ದಾರಿಯಲ್ಲಿ 53 ತಂಗುದಾಣಗಳಿದ್ದವು. ನಡುವೆ ಹಕೋನೆ ಎಂಬಲ್ಲಿ ಕಾವಲುಕಟ್ಟೆ. ಹೊರಗೆ ಹೋಗುವ ಹೆಂಗಸರ ಮೇಲೆ ಅಲ್ಲಿ ವಿಶೇಷ ನಿಗಾ. ರಾಜಧಾನಿಯಲ್ಲಿ ಒತ್ತೆಯಿದ್ದ ಸಾಮಂತರ ಹೆಂಡಿರು ತಪ್ಪಿಸಿಕೊಂಡಾರು ಎಂಬ ಭಯ. ಹೆಂಗಸರ ಬಳಿ ರಹದಾರಿ ಪತ್ರವಿರಬೇಕಿತ್ತು. ಅವರನ್ನು ತಪಾಸಣೆ ಮಾಡಲು ಹೆಂಗಸರೇ ನೇಮಕವಾಗಿದ್ದರು. ಅಂಥ ನಾಡಿನಲ್ಲಿ ಇಂದು ನಮ್ಮ ಹುಡುಗಿಯೊಬ್ಬಳು ಸುಮ್ಮನೆ ಹೋಗಿ ಮಲಗಿ ಬಂದಿದ್ದಾಳೆಂದರೆ, ಪದ್ಧತಿಗಳು ಬದಲಾಗುತ್ತವೆ ಎಂದಾಯಿತು.

ನಮ್ಮ ಶಿವಮೊಗ್ಗದ ಸೀಮೆಗೆ ಬರೋಣ. ಅತಿಥಿಗೆ ಸೂರು ಕೊಡುವ ವಿಷಯದಲ್ಲಿ ಇದು ಬಡ ಸೀಮೆಯಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯವನ್ನು ನೀವು ನೋಡಿರಬಹುದು. ಅಲ್ಲಿ ಕೋಡಿಯ ಮಠ ಎಂಬ ದೊಡ್ಡ ಮಠವಿತ್ತು. 1162ರ ಶಾಸನವೊಂದು ಅದರ ವರ್ಣನೆಯನ್ನು ಉದ್ದಕ್ಕೆ ಕೊಡುತ್ತದೆ. ವೇದ, ವ್ಯಾಕರಣಗಳ ಪಾಠ ಅಲ್ಲಿ ನಡೆಯುತ್ತಿತ್ತು. ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರಿಗೆ ಅನ್ನವಿತ್ತು. ಕಥೆ ಹೇಳುವವರಿಗೆ, ಹಾಡುವವರಿಗೆ, ಕುಣಿಯುವವರಿಗೆ, ಜೈನ ಸಂನ್ಯಾಸಿಗಳಿಗೆ, ನಾನಾ ದೇಶದ ಭಿಕ್ಷುಕರಿಗೆ ಊಟವಿತ್ತು. ರೋಗಿಗಳಿಗೆ ಔಷಧವಿತ್ತು. ಭಯಪಟ್ಟು ಬಂದ ಯಾವ ಜೀವಿಗೂ ಅದು ಅಭಯದ ಸ್ಥಳ ಎನ್ನುತ್ತದೆ ಶಾಸನ. ಎಂಟೂವರೆ ಶತಮಾನಗಳ ಹಿಂದಿನ ಈ ಪಟ್ಟಿಯನ್ನು ಓದಿದಾಗ ನನಗೆ ಮೈ ನವಿರೆದ್ದಿತು.

ಅದೇ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು. ಅದೇ ಶತಮಾನದಲ್ಲಿ ಆಕೆ ಮನೆ ಬಿಟ್ಟು ಕಲ್ಯಾಣದ ದಾರಿ ಹಿಡಿದಳು, ಒಬ್ಬಳೇ. ಮಲಗಲು ಪಾಳು ಗುಡಿಯೇ ಸಾಕೆಂದುಕೊಂಡ ಅವಳ ಧೈರ್ಯವನ್ನು ನಾವೆಲ್ಲ ಹಾಡಿ ಹೊಗಳುತ್ತೇವೆ. ಆದರೆ ನನಗೆ ಅಲ್ಲೊಂದು ಸಂಕಟವೂ ಕಾಣುತ್ತದೆ. ಎಲ್ಲ ಹೆಣ್ಣುಮಕ್ಕಳೂ ಅಕ್ಕನಾಗಲಾರರು. ಸಾಮಾನ್ಯ ಹೆಂಗಸಿಗೆ ಪಾಳು ಗುಡಿ ಸಾಲದು. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಕೋಣೆ ಬೇಕು.

ಗುಡಿಯ ಜಗಲಿ ನಮ್ಮ ಕಡೆಯ ಹಳೆಯ ತಂಗುದಾಣ. 1623ರಲ್ಲಿ ಪಿಯೆತ್ರೋ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ, ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ. ದಾರಿಯಲ್ಲಿ ಆಳುಗಳು ಹೊರೆ ಸಿದ್ಧಮಾಡುವ ತನಕ ಗುಡಿಯೊಂದರ ಜಗಲಿಯಲ್ಲಿ ಹೊತ್ತು ಕಳೆದ. ಅಲ್ಲಿ ಪುಟ್ಟ ಹುಡುಗರು ನೆಲದ ಮೇಲೆ ಮರಳು ಹರವಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಲೆಕ್ಕ ಕಲಿಯುತ್ತಿದ್ದುದನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ದಾರಿಹೋಕನಿಗೂ ಮಕ್ಕಳಿಗೂ ಒಂದೇ ಜಗಲಿ.

ಸೂರು ಕೊಡುವುದೆಂದರೆ ಕೆಲವೊಮ್ಮೆ ಬೆಲೆ ತೆರುವುದೂ ಹೌದು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವಾಗ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಶ್ರಯ ಬೇಡಿದ. ಕೊಟ್ಟರೆ ಮೊಗಲರ ದಂಡು ತನ್ನ ನಾಡಿನ ಮೇಲೆ ಬೀಳುತ್ತದೆಂದು ಆಕೆಗೆ ತಿಳಿಯದೇ ಇರಲಿಲ್ಲ. ಆದರೂ ಕೊಟ್ಟಳು. ದಂಡು ಬಂತು. ಎದುರಿಸಿದಳು. ನಮ್ಮ ಸೀಮೆಯ ಆತಿಥ್ಯದ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಹೆಸರು ಹೆಣ್ಣಿನದೇ ಎಂಬುದನ್ನು ಮರೆಯಬಾರದು.

ಆಮೇಲಿನದು ಛತ್ರಗಳ ಕಾಲ. ಎತ್ತರದ ಜಗಲಿ, ಕಂಬಗಳ ತೊಟ್ಟಿ, ಹಿತ್ತಿಲಲ್ಲಿ ಬಾವಿ, ಸಾಲಾಗಿ ಒಲೆಗಳು. ಮೂರು ದಿನ ಇರಬಹುದೆಂಬುದು ವಾಡಿಕೆ. ನನ್ನ ಅಜ್ಜಿ ಕಾಯಿಲೆಯ ಮಗುವನ್ನು ಎತ್ತಿಕೊಂಡು ಗಾಡಿಯಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಬಂದಾಗ ತುಂಗೆಯ ದಡದ ಒಂದು ಛತ್ರದಲ್ಲಿ ಉಳಿದಿದ್ದರಂತೆ. ಪಾರುಪತ್ಯೆಗಾರರು ಗಂಜಿಗೆ ಅಕ್ಕಿ ಅಳೆದು ಕೊಟ್ಟದ್ದನ್ನು ಸಾಯುವ ತನಕ ನೆನೆಯುತ್ತಿದ್ದರು. ಆದರೆ ಅಜ್ಜಿ ಇನ್ನೊಂದು ಮಾತನ್ನೂ ಮುಚ್ಚಿಡಲಿಲ್ಲ. ಜೊತೆಗೆ ಬಂದಿದ್ದ ಆಳು ಹೆಂಗಸನ್ನು ಒಳಗೆ ಬಿಡಲಿಲ್ಲ. ಮಳೆಯ ಇರಿಚಲಿನಲ್ಲಿ ಗಾಡಿಯ ಕೆಳಗೆ ಗೋಣಿ ಹೊದ್ದು ಮಲಗಿದಳು ಆಕೆ. ಮಗುವನ್ನು ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಬಂದವಳು ಅವಳೇ. ಎಷ್ಟೋ ಛತ್ರಗಳ ಬಾಗಿಲು ಜಾತಿ ನೋಡಿ ತೆರೆಯುತ್ತಿತ್ತು. ಹಳೆಯದೆಲ್ಲ ಚಿನ್ನ ಎನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂತು. ಜನರ ಓಡಾಟ ಹೆಚ್ಚಿತು. ದೊಡ್ಡ ಊರುಗಳಲ್ಲಿ ರೈಲ್ವೆ ನಿಲ್ದಾಣದ ಬಳಿಯೇ ಛತ್ರಗಳೆದ್ದವು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರದ ಹೆಸರು ಕೇಳದವರು ನಮ್ಮ ತಲೆಮಾರಿನಲ್ಲಿ ಇಲ್ಲ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಹಿಂದೆ ಅದು ಬೆಂಕಿಪುರ. ಅಲ್ಲಿ ಕಬ್ಬಿಣದ ಕಾರ್ಖಾನೆ ಬರಬೇಕೆಂದು ಹಟ ಹಿಡಿದ ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನನ್ನು ನೋಡಿ ಬಂದಿದ್ದವರು. 1923ರಲ್ಲಿ ಕುಲುಮೆ ಹೊತ್ತಿತು. ಮಲೆನಾಡಿನ ಕಾಡಿನ ಇದ್ದಿಲೇ ಅದಕ್ಕೆ ಉರುವಲು. ಮುಂದೆ ಕಾಗದದ ಕಾರ್ಖಾನೆಯೂ ಬಂತು. ಕನ್ನಡ, ತಮಿಳು, ತೆಲುಗು, ಉರ್ದು ಆಡುವ ಸಂಸಾರಗಳು ಕ್ವಾರ್ಟರ್ಸುಗಳಲ್ಲಿ ಅಕ್ಕಪಕ್ಕ ನೆಲೆಸಿದವು.

ಆ ಕ್ವಾರ್ಟರ್ಸುಗಳ ಒಂದೊಂದು ಮನೆಯೂ ಒಂದೊಂದು ಛತ್ರವಾಗಿತ್ತು. ಕೆಲಸ ಹುಡುಕಿ ಬಂದ ಮೈದುನ, ಹೆರಿಗೆಗೆ ಬಂದ ನಾದಿನಿ, ಕಾಲೇಜಿಗೆ ಸೇರಿದ ಊರ ಹುಡುಗ, ಶಿವಮೊಗ್ಗದ ಕೋರ್ಟಿಗೆ ಅಲೆಯುವ ದೊಡ್ಡಪ್ಪ, ಎಲ್ಲರಿಗೂ ಎರಡು ಕೋಣೆಯಲ್ಲೇ ಜಾಗ. ಕಾರ್ಖಾನೆಯ ಸೈರನ್ ಕೂಗುವ ಮೊದಲೇ ಅಮ್ಮ ಎದ್ದು ಹಂಡೆಗೆ ಉರಿ ಹಾಕುತ್ತಿದ್ದಳು. ರಾತ್ರಿ ಎಲ್ಲರ ಚಾಪೆ ಹಾಸಿ, ಉಳಿದ ಮೂಲೆಯಲ್ಲಿ ಸೆರಗು ಹಾಸಿ ಮಲಗುತ್ತಿದ್ದಳು. ಮೂರು ದಿನದ ಮಿತಿ ಅವಳ ಛತ್ರಕ್ಕೆ ಇರಲಿಲ್ಲ. ಛತ್ರ ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿದೆ. ಈ ಛತ್ರ ನಡೆಸಿದವರ ಹೆಸರನ್ನು ಯಾರು ಬರೆದರು?

ಹೀಗೆ ಊರಿಗೆಲ್ಲ ಹಾಸಿಗೆ ಹಾಸಿದ ಹೆಂಗಸು ತಾನು ಹೊರಟಾಗ ಏನಾಗುತ್ತದೆ? 1986ರಲ್ಲಿ ನಾನು ಉಪಾಧ್ಯಾಯಿನಿಯರ ತರಬೇತಿಗೆಂದು ಬೇರೊಂದು ಜಿಲ್ಲೆಯ ಊರಿಗೆ ಹೋದೆ. ಬಸ್ಸು ಕೆಟ್ಟು, ತಲುಪುವಾಗ ರಾತ್ರಿ ಹತ್ತು. ಲಾಡ್ಜಿನವನು ನನ್ನ ಬೆನ್ನ ಹಿಂದೆ ಇಣುಕಿ ನೋಡಿ, "ಯಜಮಾನ್ರು ಎಲ್ಲಿ?" ಎಂದ. ಒಬ್ಬಳೇ ಎಂದೆ. "ಒಂಟಿ ಹೆಂಗಸರಿಗೆ ರೂಮು ಕೊಡೋಲ್ಲಮ್ಮ" ಎಂದು ಪುಸ್ತಕ ಮುಚ್ಚಿದ. ಇನ್ನೆರಡು ಕಡೆಯೂ ಅದೇ ಉತ್ತರ. ಆ ರಾತ್ರಿಯನ್ನು ರೈಲ್ವೆ ನಿಲ್ದಾಣದ ಹೆಂಗಸರ ಕೋಣೆಯಲ್ಲಿ, ಹೂವಿನ ಬುಟ್ಟಿಯ ಮುದುಕಿಯೊಬ್ಬಳ ಪಕ್ಕ ಕಳೆದೆ. ನನ್ನಲ್ಲಿ ಹಣವಿತ್ತು, ಸರ್ಕಾರದ ಆದೇಶದ ಕಾಗದವಿತ್ತು. ಇಲ್ಲದ್ದು ಯಜಮಾನರು ಮಾತ್ರ. ಹಕೋನೆಯ ರಹದಾರಿ ಪತ್ರದ ವಿಷಯ ಓದಿದಾಗ ಆ ಲಾಡ್ಜಿನ ಪುಸ್ತಕವೇ ನೆನಪಾಯಿತು.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲದೆ ಓಡಾಡುತ್ತಿದ್ದಾರೆ. ಎಷ್ಟೋ ಜನ ಮೊದಲ ಸಲ ಜಿಲ್ಲೆಯ ಗಡಿ ದಾಟಿದ್ದಾರೆ. ಸಂತೋಷ. ಆದರೆ ಬಸ್ಸು ಸಂಜೆಗೆ ಯಾವುದೋ ಊರಿನಲ್ಲಿ ಇಳಿಸುತ್ತದೆ. ಆಮೇಲೆ? ಸ್ಪರ್ಧಾತ್ಮಕ ಪರೀಕ್ಷೆಗೆ ಹಿಂದಿನ ದಿನವೇ ಬರುವ ಹಳ್ಳಿಯ ಹುಡುಗಿಯರು ಇಂದಿಗೂ ಊರಿನಲ್ಲಿ ಪರಿಚಯದವರು ಯಾರಿದ್ದಾರೆಂದು ಹುಡುಕುತ್ತಾರೆ. ಪರಿಚಯ ಸಿಗದಿದ್ದರೆ ಅಪ್ಪನೋ ಅಣ್ಣನೋ ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಬರಬೇಕು. ಬರಲಾಗದ ಮನೆಯ ಹುಡುಗಿ ಪರೀಕ್ಷೆಯನ್ನೇ ಬಿಡುತ್ತಾಳೆ.

ನಮ್ಮ ಬಡಾವಣೆಯ ಮಹಿಳಾ ಸಮಾಜದಲ್ಲಿ ಕಳೆದ ವರ್ಷ ನಾವು ಹತ್ತು ಜನ ಒಂದು ತೀರ್ಮಾನ ಮಾಡಿದೆವು. ಪರೀಕ್ಷೆಯ ಹಿಂದಿನ ರಾತ್ರಿ ಸಮಾಜದ ಹಜಾರವನ್ನು ಹೆಣ್ಣುಮಕ್ಕಳಿಗೆ ತೆರೆದಿಡುವುದು. ಜಾತಿ ಕೇಳುವುದಿಲ್ಲ, ಜೊತೆಗೆ ಯಾರೆಂದು ಕೇಳುವುದಿಲ್ಲ. ಹಾಲ್ ಟಿಕೆಟ್ ತೋರಿಸಿದರೆ ಸಾಕು. ಮೊದಲ ಸಲ ಏಳು ಹುಡುಗಿಯರು ಬಂದರು. ಚಾಪೆ ನಮ್ಮ ನಮ್ಮ ಮನೆಗಳದು, ಬೆಳಗಿನ ಉಪ್ಪಿಟ್ಟು ಸರದಿಯ ಪ್ರಕಾರ. ಬಾಗಿಲಿಗೆ ಒಳಗಿನಿಂದ ಹಾಕುವ ಹೊಸ ಚಿಲಕ ಹಾಕಿಸಿದ್ದೇವೆ. ಇಂಥ ಒಂದು ಹಜಾರ ನಿಮ್ಮ ಊರಿನಲ್ಲೂ ರಾತ್ರಿಯಿಡೀ ಬೀಗ ಹಾಕಿಕೊಂಡು ಖಾಲಿ ಬಿದ್ದಿರಬಹುದು, ನೋಡಿ.